ಮೂವತ್ತೊಂದನೆಯ ಪಾನಾ

ಸಂಪಾದಕರು ಫೋನ್ ಮಾಡಿ, ನಮ್ಮ ಸೇನೆಯಲ್ಲಿ ಇನ್ನೂ ದುಡಿಯುತ್ತಿರುವ ರಷ್ಯಾದ ವಿಮಾನಗಳ ಮೇಲೆ ಒಂದು ಲೇಖನ ಬೇಕು ಎಂದರು. ಹಳೆಯ ಮಿಗ್ ಇಪ್ಪತ್ತೊಂದು ನಿವೃತ್ತಿಯಾದ ಮೇಲೆ, ಉಳಿದವು ಯಾವುವು ಎಂದು ಓದುಗರು ಕೇಳುತ್ತಿದ್ದಾರಂತೆ. ನನಗಿದು ನೀರು ಕುಡಿದಷ್ಟು ಸುಲಭ. ಸುಖೋಯ್ ಮೂವತ್ತು, ಮಿಗ್ ಇಪ್ಪತ್ತೊಂಬತ್ತು, ಭಾರ ಹೊರುವ ಇಲ್ಯೂಶಿನ್, ಗುಡ್ಡಗಾಡಿಗೆ ಅಕ್ಕಿ ಬೇಳೆ ಒಯ್ಯುವ ಆಂಟೊನೊವ್ ಎಂದು ಒಂದೊಂದಾಗಿ ಬರೆಯುತ್ತ ಹೋದೆ. ಮಿ ಹದಿನೇಳು ಹೆಲಿಕಾಪ್ಟರಿನ ಹತ್ತಿರ ಬಂದಾಗ ಕೈ ನಿಂತಿತು. ಆ ಹೆಲಿಕಾಪ್ಟರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಬ್ಬರಿಂದ ಬಂದದ್ದು. ಅವರಿಗೆ ನಾನು ಮಾಡಿದ್ದನ್ನು ಮುಚ್ಚಿಟ್ಟು ಅವರ ಹೆಲಿಕಾಪ್ಟರಿನ ಬಗ್ಗೆ ಬರೆಯುವ ಮುಖ ನನಗಿಲ್ಲ. ಹಾಗಾಗಿ ಸಂಪಾದಕರು ಕ್ಷಮಿಸಬೇಕು, ಈ ಸಲದ ಬರಹ ವಿಮಾನದ್ದಲ್ಲ.

ಕೊಟ್ಟೂರಿನಲ್ಲಿ ನನ್ನ ಮನೆಯ ಎದುರಿಗೇ ಅವರ ಟ್ರ್ಯಾಕ್ಟರ್ ಗ್ಯಾರೇಜು ಇತ್ತು. ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ, ‘ಇಮಾನದಾವ್ರು’ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಪರವೂರಿನವರಿಗೂ ದಾರಿ ಸಿಗುತ್ತಿತ್ತು. ನೀಲಗುಂದದ ಕೂಲಿ ಮನೆತನದಲ್ಲಿ ಹುಟ್ಟಿ, ಹದಿನೆಂಟು ತುಂಬುತ್ತಲೇ ವಾಯುಸೇನೆ ಸೇರಿ, ಇಪ್ಪತ್ತು ವರ್ಷ ಮಿ ಹದಿನೇಳರ ಎಂಜಿನ್ ಬಿಚ್ಚಿ ಕಟ್ಟಿದವರು. ನಿವೃತ್ತರಾಗಿ ಬಂದು ಕೊಟ್ಟೂರಿನಲ್ಲಿ ಟ್ರ್ಯಾಕ್ಟರಿಗೆ ಕೈ ಹಾಕಿದರು. ಆಕಾಶದಲ್ಲಿ ಹಾರುವುದನ್ನು ರಿಪೇರಿ ಮಾಡಿದವರು ಹೊಲದಲ್ಲಿ ಉಳುವುದನ್ನು ರಿಪೇರಿ ಮಾಡುವುದು ನನಗೆ ಮೊದಮೊದಲು ಕೆಳಗಿಳಿದ ಹಾಗೆ ಕಂಡಿತ್ತು. ಅವರಿಗೆ ಹಾಗೆ ಕಂಡಿರಲಿಲ್ಲ.

ಟ್ರ್ಯಾಕ್ಟರ್ ಬಂದ ಕೂಡಲೇ ಅವರು ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ನಿಧಾನ ಬರುತ್ತಿದ್ದರು. ಹೆಲಿಕಾಪ್ಟರಿಗೆ ಹಾಗೇ ಮಾಡಬೇಕಂತೆ, ಹಾರುವ ಮೊದಲು ಸುತ್ತು ಬಂದು ನೋಡಬೇಕಂತೆ. ಗಾಡಿಯ ಮಾಲೀಕರು, ಇಮಾನದಾವ್ರು ಪ್ರದಕ್ಷಿಣೆ ಹಾಕುತ್ತಿದ್ದಾರೆ, ಇನ್ನು ಮಂಗಳಾರತಿ ಎಂದು ಚೇಷ್ಟೆ ಮಾಡುತ್ತಿದ್ದರು. ಅವರೂ ನಗುತ್ತಿದ್ದರು. ಸುತ್ತು ಮಾತ್ರ ತಪ್ಪಿಸುತ್ತಿರಲಿಲ್ಲ.

ಅವರ ಅಂಗಿಗೆ ಜೇಬು ಇರಲಿಲ್ಲ, ಹೊಲಿಸುವಾಗಲೇ ಬೇಡವೆನ್ನುತ್ತಿದ್ದರು. ಕೈಯಲ್ಲಿ ಉಂಗುರವಿಲ್ಲ, ಗಡಿಯಾರವಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಾಟು ಇರುತ್ತಿತ್ತು. ಎಂಜಿನ್ನಿನ ಮೇಲೆ ಬಗ್ಗಿ ನೋಡುವ ಆಸೆಯಿರುವವರು ಜೇಬಿನಲ್ಲಿರುವ ಪೆನ್ನು, ಎಲೆಯಡಿಕೆ ಚೀಲ, ಚಿಲ್ಲರೆ ಎಲ್ಲವನ್ನೂ ಅದರಲ್ಲಿಟ್ಟು ಬರಬೇಕು. ಪಂಚಾಯಿತಿ ಅಧ್ಯಕ್ಷರಾದರೂ ಅಷ್ಟೇ. ಹೊರಡುವಾಗ ಅವರೇ ತಾಟು ಹಿಡಿದು ನಿಂತು, ಯಾರದ್ದು ಯಾರಿಗೆ ಎಂದು ನೋಡಿ ವಾಪಸು ಕೊಡುತ್ತಿದ್ದರು. ನನ್ನ ಪೆನ್ನನ್ನು ನಾನು ಎಷ್ಟು ಸಲ ಅಲ್ಲಿ ಮರೆತೆನೋ, ಅಷ್ಟು ಸಲವೂ ಅದು ನಾನು ಮನೆಯ ಮೆಟ್ಟಿಲು ಹತ್ತುವ ಮೊದಲೇ ನನ್ನ ಕೈ ಸೇರಿದೆ.

ಎಲ್ಲಕ್ಕಿಂತ ವಿಚಿತ್ರವೆಂದರೆ ಗೋಡೆಯ ಮೇಲಿನ ಹಲಗೆ. ಅದರ ಮೇಲೆ ಪ್ರತಿಯೊಂದು ಸಲಕರಣೆಯ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಇಕ್ಕಳದ ಜಾಗದಲ್ಲಿ ಇಕ್ಕಳ, ಸುತ್ತಿಗೆಯ ಜಾಗದಲ್ಲಿ ಸುತ್ತಿಗೆ, ನಟ್ಟು ಬಿಚ್ಚುವ ಪಾನಾಗಳು ಅವುಗಳ ಅಳತೆಯ ಜಾಗದಲ್ಲಿ. ಒಟ್ಟು ಮೂವತ್ತೊಂದು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒರೆಸಿ ತೂಗುಹಾಕಿ, ಬೆರಳು ತೋರಿಸುತ್ತ ರಷ್ಯನ್ನಿನಲ್ಲಿ ಎಣಿಸುತ್ತಿದ್ದರು. ಅದೀನ್, ದ್ವಾ, ತ್ರೀ, ಚಿತೀರೆ. ನಮ್ಮ ಓಣಿಯವರಿಗೆಲ್ಲ ಹತ್ತರವರೆಗೆ ಬಾಯಿಪಾಠವಾಗಿತ್ತು. ಕೊನೆಗೆ ‘ತ್ರೀದ್ಸತ್ ಅದೀನ್’ ಎಂದು ಮೂವತ್ತೊಂದು ಮುಟ್ಟಿದ ಮೇಲೆಯೇ ನೋಟ್‌ಬುಕ್ಕಿನಲ್ಲಿ ಆ ಗಾಡಿಯ ಸಾಲಿಗೆ ಸಹಿ. ಸಹಿಯಾಗದೆ ಗಾಡಿ ಹೊರಗೆ ಹೋಗುವಂತಿರಲಿಲ್ಲ. ಯಾಕಿಷ್ಟು ಎಂದು ನಾನೊಮ್ಮೆ ಕೇಳಿದೆ. ಹೆಲಿಕಾಪ್ಟರಿನ ಎಂಜಿನ್ನಿನಲ್ಲಿ ಒಂದು ಪಾನಾ ಉಳಿದರೆ ಇಪ್ಪತ್ತು ಮಂದಿ ಬೀಳುತ್ತಾರೆ ಎಂದರು. ಇದು ಟ್ರ್ಯಾಕ್ಟರ್ ಅಲ್ಲವೇ ಎಂದೆ.

“ಟ್ರ್ಯಾಕ್ಟರಿನ ಹಿಂದ ಟ್ರೇಲರ್ ಇರತೈತಲ್ರಿ ಸರ. ಅದ್ರಾಗ ಕೂಲಿ ಹೆಣ್ಮಕ್ಕಳು ನಿಂತಿರ್ತಾರ. ನಮ್ಮವ್ವ ನಿಂತ್ಕೊಂಡು ಹೋಗ್ಯಾಳ.”

ಇನ್ನೊಂದು ಪ್ರಸಂಗವನ್ನು ಅವರು ಹೇಳಿದ್ದು ನನಗೆ ಆಗ ಬರೀ ಕತೆಯಾಗಿ ಕೇಳಿಸಿತ್ತು. ಈಶಾನ್ಯದ ಕಡೆ ಯಾವುದೋ ವಿಮಾನ ನೆಲೆ. ಒಂದು ದಿನ ಎಣಿಕೆಯಲ್ಲಿ ಒಂದು ಸ್ಕ್ರೂಡ್ರೈವರ್ ಕಡಿಮೆ. ಹೆಲಿಕಾಪ್ಟರನ್ನು ನಿಲ್ಲಿಸಿ, ಮಳೆಯಲ್ಲಿ ಆರು ತಾಸು ಹುಡುಕಿದರು. ಕೊನೆಗೆ ಜೊತೆಗಾರನೊಬ್ಬ ಮುಂದೆ ಬಂದು, ಮುಂಜಾನೆಯೇ ನನ್ನ ಕೈಯಿಂದ ಕಳೆದಿತ್ತು, ಹೆದರಿ ಹೇಳಲಿಲ್ಲ ಎಂದ. ಅಧಿಕಾರಿ ಅವನನ್ನು ಬೈಯುತ್ತಾನೆಂದು ಎಲ್ಲರೂ ಕಾದರೆ, ಅವನು ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದನಂತೆ. “ಕಳಿಯೂದು ತಪ್ಪಲ್ರಿ. ಕಳದೈತಿ ಅಂತ ಹೇಳದ ಇರೂದು ತಪ್ಪು. ಹೇಳಿದಾವಂಗ ನಮ್ಮಲ್ಲಿ ಚಾ ಕುಡಸ್ತಿದ್ರು” ಎಂದು ಇವರು ಕತೆ ಮುಗಿಸಿದರು. ಅವರ ಗ್ಯಾರೇಜಿನಲ್ಲೂ ಅದೇ ಕಾಯ್ದೆ. ಬೋಲ್ಟು ಮುರಿದೆ ಎಂದು ಒಪ್ಪಿಕೊಂಡ ಡ್ರೈವರಿಗೆ ಒಳಗಿನಿಂದ ಚಹಾ ಬರುತ್ತಿತ್ತು. ಅವರ ಹೆಂಡತಿ, ನಾನು ಅಕ್ಕಾರೆ ಎನ್ನುತ್ತಿದ್ದವರು, ದಿನಕ್ಕೆಷ್ಟು ಸಲ ಒಲೆ ಹಚ್ಚುತ್ತಿದ್ದರೋ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಉಕ್ರೇನಿನ ಯುದ್ಧ ಶುರುವಾದಾಗ ಟಿವಿ ನೋಡಿ, ಫೋನಿನಲ್ಲಿ ಓದಿ, ಜಿಲ್ಲಾ ಪತ್ರಿಕೆಯೊಂದಕ್ಕೆ ರಷ್ಯಾದ ಯುದ್ಧವಿಮಾನಗಳ ಮೇಲೆ ವಾರವಾರ ಬರೆಯತೊಡಗಿದೆ. ಸಂತೆಯಲ್ಲಿ ಜನ ಗುರುತು ಹಿಡಿದು ನಮಸ್ಕಾರ ಮಾಡತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೊತ್ತಿಲ್ಲದ್ದನ್ನು ಸಂಜೆ ಎದುರಿನ ಗ್ಯಾರೇಜಿಗೆ ಹೋಗಿ ಕೇಳಿ ಬರುತ್ತಿದ್ದೆ, ಕೇಳಿದ್ದು ಎಲ್ಲಿಂದ ಎಂದು ಮಾತ್ರ ಬರೆಯುತ್ತಿರಲಿಲ್ಲ. ಅವರು ಪತ್ರಿಕೆ ಓದಿ, ಚಲೋ ಬರೆದೀರಿ ಎನ್ನುತ್ತಿದ್ದರು. ಅವರ ಮಾತುಗಳೇ ನನ್ನ ಹೆಸರಿನ ಕೆಳಗೆ ಇದ್ದುದನ್ನು ಅವರು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ ತಿಳಿಯದು.

ಯುದ್ಧದ ಬಗ್ಗೆ ನಾನು ಹುರುಪಿನಿಂದ ಮಾತಾಡುತ್ತಿದ್ದೆ, ಅವರು ಮಾತೇ ಆಡುತ್ತಿರಲಿಲ್ಲ. ಒಂದು ಸಲ ಮಾತ್ರ ಹೇಳಿದರು. ಮಿ ಹದಿನೇಳನ್ನು ಕಟ್ಟುವುದು ರಷ್ಯಾದ ಕಜಾನಿನಲ್ಲಿ, ಅದರ ಎಂಜಿನ್ ಬರುತ್ತಿದ್ದುದು ಉಕ್ರೇನಿನ ಜಪೊರಿಝಿಯಾದಿಂದ. ಇವರಿಗೆ ಪಾಠ ಹೇಳಲು ಎರಡೂ ಊರುಗಳಿಂದ ಒಬ್ಬೊಬ್ಬರು ಬಂದಿದ್ದರಂತೆ. “ಮೈ ಅವರದು, ಎದಿ ಇವರದು. ಆ ಇಬ್ರೂ ಒಂದ ಟೇಬಲ್ಲಿನ್ಯಾಗ ಕುಂತು ಉಣ್ತಿದ್ರು ಸರ. ಈಗ ಏನ್ ಮಾಡಾಕತ್ಯಾರೋ.” ಎಂಜಿನ್ ಕಲಿಸಿದವನು ಊರಿಗೆ ಹೊರಡುವಾಗ ಒಂದು ಪಾನಾ ಕೊಟ್ಟುಹೋಗಿದ್ದ. ಒಂದು ತುದಿ ಹನ್ನೆರಡು, ಇನ್ನೊಂದು ತುದಿ ಹದಿನಾಲ್ಕು, ನಡುವೆ ರಷ್ಯನ್ ಅಕ್ಷರ. ಹಲಗೆಯ ಮೇಲೆ ಮೂವತ್ತೊಂದನೆಯದು ಅದು. ಅದನ್ನು ಅವರು ಪೂಜೆಗಿಟ್ಟಿರಲಿಲ್ಲ, ದಿನಾ ಬಳಸುತ್ತಿದ್ದರು.

ಯುದ್ಧದ ಮರುವರ್ಷ ಹರಪನಹಳ್ಳಿಯ ಓದುಗರ ಬಳಗವೊಂದು ನನ್ನನ್ನು ಭಾಷಣಕ್ಕೆ ಕರೆಯಿತು. ಕೈಯಲ್ಲಿ ಹಿಡಿದು ತೋರಿಸಲು ಏನಾದರೂ ಇದ್ದರೆ ಮಾತಿಗೆ ಕಳೆ ಬರುತ್ತದೆಂದು ನನಗೆ ಆ ಪಾನಾದ ನೆನಪಾಯಿತು. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿತ್ತು. ಹಲಗೆಯ ಯಾವ ಸಲಕರಣೆಯೂ ಗ್ಯಾರೇಜಿನ ಹೊಸ್ತಿಲು ದಾಟುತ್ತಿರಲಿಲ್ಲ. ಭಾಷಣದ ಹಿಂದಿನ ದಿನ, ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಹೋದೆ. ಇಟ್ಟಿಗಿ ಊರಿನ ಒಬ್ಬರ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಬಿಚ್ಚಿ, ಕಟ್ಟಿ, ಮುಚ್ಚಳ ಹಾಕಿ ಮುಗಿಸಿದ್ದರು. ಸಲಕರಣೆಗಳು ಗೋಣಿತಟ್ಟಿನ ಮೇಲೆ ಇನ್ನೂ ಒರೆಸದೆ ಬಿದ್ದಿದ್ದವು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಆ ಪಾನಾವನ್ನು ಎತ್ತಿ ನನ್ನ ಬಟ್ಟೆಯ ಚೀಲಕ್ಕೆ ಹಾಕಿದೆ. ಸೋಮವಾರ ಮುಂಜಾನೆ ತಂದಿಟ್ಟರಾಯಿತು, ಅಷ್ಟರಲ್ಲಿ ಆಕಾಶವೇನೂ ಬೀಳುವುದಿಲ್ಲ ಅಂದುಕೊಂಡೆ. ಹೊರಡುವಾಗ ಅವರು ಒದ್ದೆ ಕೈಯಲ್ಲೇ ತಾಟಿನಿಂದ ನನ್ನ ಪೆನ್ನು ತೆಗೆದು, “ಸರ, ಮರತ್ರಿ ನೋಡ್ರಿ” ಎಂದು ಕೊಟ್ಟರು. ತೆಗೆದುಕೊಂಡೆ.

ಸಂಜೆ ಮನೆಯಲ್ಲಿ ಭಾಷಣ ಬರೆಯುತ್ತ ಕೂತಿದ್ದಾಗ ಎದುರಿನಿಂದ ಎಣಿಕೆ ಕೇಳಿಸಿತು. ಅದು ‘ತ್ರೀದ್ಸತ್’ಗೆ, ಮೂವತ್ತಕ್ಕೆ, ಬಂದು ನಿಂತಿತು. ಮತ್ತೆ ಮೊದಲಿನಿಂದ ಶುರುವಾಗಿ ಮತ್ತೆ ಅಲ್ಲೇ ನಿಂತಿತು. ನಾನು ಎದ್ದು ಹೋಗಬೇಕಿತ್ತು. ಎದ್ದದ್ದು ಜಗಳ ಕೇಳಿಸಿದ ಮೇಲೆ.

ಟ್ರ್ಯಾಕ್ಟರಿನ ಮಾಲೀಕ ಗಾಡಿ ಒಯ್ಯಲು ಬಂದು ನಿಂತಿದ್ದ. ಮರುದಿನ ಬೆಳಗಾಗುತ್ತಲೇ ಹೆಣ್ಣಾಳುಗಳನ್ನು ಮೆಕ್ಕೆಜೋಳ ಮುರಿಯಲು ಹೊಲಕ್ಕೆ ಒಯ್ಯಬೇಕು. ಇವರು ಕಟ್ಟಿದ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ಮೇಲಿನ ಮುಚ್ಚಳ ಮತ್ತೆ ಬಿಚ್ಚಿದ್ದರು. ಮೊಳಕೈವರೆಗೆ ಎಣ್ಣೆ. ಒಳಗೆ ಕೈ ಹಾಕಿ ತಡವುತ್ತಿದ್ದರು. ಮೇಲಿನ ಭಾಗದಲ್ಲಿ ಸಿಗಲಿಲ್ಲ. ಹಿಂದಿನ ಭಾಗವನ್ನೂ ಬಿಚ್ಚಿ ನೋಡಬೇಕು, ನಾಳೆ ಮಧ್ಯಾಹ್ನದವರೆಗೆ ಬಿಡಿ ಎಂದು ಬೇಡಿಕೊಳ್ಳುತ್ತಿದ್ದರು. ಒಂದು ಪಾನಾ ಹೋಯಿತೆಂದು ಇಡೀ ಗಾಡಿ ಬಿಚ್ಚುತ್ತಾನಲ್ಲ, ಈತನಿಗೆ ತಲೆ ಕೆಟ್ಟಿದೆ ಎಂದು ಮಾಲೀಕ ಕೂಗಾಡುತ್ತಿದ್ದ. ಓಣಿಯ ಜನ ಸೇರಿದ್ದರು. ಅವರು ನನ್ನ ಕಡೆ ತಿರುಗಿದರು.

“ಸರ, ಮಧ್ಯಾಹ್ನ ನೀವು ಇದ್ರಲ್ಲ. ಹನ್ನೆಳ್ಡು ಹದಿನಾಕರ ಪಾನಾ ತಟ್ಟಿನ ಮ್ಯಾಲ ಇದ್ದದ್ದು ನೋಡಿದ್ರೇನ್ರಿ?”

ಚೀಲ ಮೂವತ್ತು ಹೆಜ್ಜೆ ದೂರದಲ್ಲಿ ನನ್ನ ಮನೆಯ ಗೂಟಕ್ಕೆ ತೂಗಾಡುತ್ತಿತ್ತು. ನನ್ನ ಶಾಲೆಯ ಮಕ್ಕಳ ತಂದೆಗಳು ನಾಲ್ಕೈದು ಜನ ಸುತ್ತ ನಿಂತಿದ್ದರು.

“ಇಲ್ಲರೀ, ನಾನು ಲಕ್ಷ್ಯ ಮಾಡಲಿಲ್ಲ” ಎಂದೆ.

ಅವರು ತಲೆಯಾಡಿಸಿದರು. ನಂಬಿದರು. ನಂಬಿದ್ದರಿಂದ, ಪಾನಾ ಗಾಡಿಯ ಒಳಗೇ ಉಳಿದಿದೆ ಎನ್ನುವುದು ಅವರಿಗೆ ಖಾತ್ರಿಯಾಯಿತು. ಮಾಲೀಕ ತಾನೇ ನಿಂತು ಮುಚ್ಚಳ ಹಾಕಿಸಿ, ಎಣ್ಣೆ ತುಂಬಿಸಿ, ಕತ್ತಲಾಗುವ ಮೊದಲು ಗಾಡಿ ಒಯ್ದ. ನೋಟ್‌ಬುಕ್ಕಿಗೆ ಅವರು ಸಹಿ ಹಾಕಲಿಲ್ಲ. ಗಾಡಿ ಓಣಿ ತಿರುಗುವವರೆಗೂ ಅದರ ಸದ್ದಿಗೆ ಕಿವಿಗೊಟ್ಟು ರಸ್ತೆಯ ನಡುವೆ ನಿಂತಿದ್ದರು.

ಹರಪನಹಳ್ಳಿಯ ಭಾಷಣ ಚೆನ್ನಾಗಿಯೇ ಆಯಿತು. ಪಾನಾವನ್ನು ಕೈಯಿಂದ ಕೈಗೆ ದಾಟಿಸಿದರು. ರಷ್ಯಾದ ಗೆಳೆಯರೊಬ್ಬರು ನನಗೆ ಕೊಟ್ಟದ್ದು ಎಂದು ಹೇಳಿದೆ. ಪತ್ರಿಕೆಯಲ್ಲಿ ಫೋಟೊ ಬಂದಾಗ ಪಾನಾ ಹಿಡಿದ ನನ್ನ ಕೈಯನ್ನು ಜಾಗ ಸಾಲದೆ ಕತ್ತರಿಸಿದ್ದರು. ಅದನ್ನು ನೋಡಿ, ಬಚಾವಾದೆ ಎಂದು ನಾನು ನಿಟ್ಟುಸಿರು ಬಿಟ್ಟದ್ದನ್ನೂ ಇಲ್ಲಿ ಬರೆಯಲೇಬೇಕು.

ಸೋಮವಾರ ಪಾನಾ ಹಿಡಿದು ಹೋದರೆ ಗ್ಯಾರೇಜಿಗೆ ಬೀಗ. ಅವರು ಮೊದಲ ಬಸ್ಸಿಗೆ ಇಟ್ಟಿಗಿಗೆ ಹೋಗಿದ್ದರು. ಸಂಜೆ ಬಂದು, ಮಾಲೀಕ ಗಾಡಿ ಮುಟ್ಟಗೊಡಲಿಲ್ಲ, ದೂರದಲ್ಲಿ ನಿಂತು ಗೇರ್ ಹಾಕುವಾಗಿನ ಸದ್ದು ಕೇಳಿ ಬಂದೆ ಎಂದರು. ಮೂರನೆಯ ದಿನ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತ ಹೇಳಿದರು:

“ಸರ್ವಿಸಿನ್ಯಾಗ ಒಮ್ಮಿನೂ ಎಣಿಕಿ ತಪ್ಪಿದ್ದಿಲ್ರಿ. ಇಲ್ಲಿಗೆ ಬಂದ ಮ್ಯಾಲೂ ತಪ್ಪಿದ್ದಿಲ್ಲ. ಈಗ ತಪ್ಪೇತಿ, ಎಲ್ಲಿ ತಪ್ಪೇತಿ ಅನ್ನೂದೂ ನೆನಪಾಗವಲ್ದು. ಈ ಕೈ ಇನ್ನ ನಂಬಾಕ ಬರಂಗಿಲ್ಲ. ಗ್ಯಾರೇಜ್ ಮುಚ್ಚತೀನಿ.”

ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಇನ್ನೆಲ್ಲಿ ಸಿಗಬೇಕಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ಪಾನಾ ಒಳಗಿನ ಕಪಾಟಿನಲ್ಲಿತ್ತು. ನಾನು ಮಾಡಿದ್ದೇನೆಂದರೆ, ವಿಜ್ಞಾನದ ಮೇಷ್ಟ್ರ ಗತ್ತಿನಲ್ಲಿ ಅವರಿಗೆ ಸಮಾಧಾನ ಹೇಳಿದೆ. ವಯಸ್ಸಾಗುತ್ತ ಮೆದುಳಿಗೆ ಹಾಗಾಗುತ್ತದೆ, ಮರೆವು ಸಹಜ, ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಅವರಿಗಾಗ ಅರವತ್ತೂ ತುಂಬಿರಲಿಲ್ಲ. ಅವರು ಗಮನವಿಟ್ಟು ಕೇಳಿದರು, ಓದಿದವರು ಹೇಳುತ್ತಿದ್ದಾರೆ ಎನ್ನುವ ಹಾಗೆ. ನಾನು ಕದ್ದದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ, ಈ ಸಮಾಧಾನದ ಮಾತು ನೆನಪಾದರೆ ನನಗೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಗ್ಯಾರೇಜು ಮುಚ್ಚಿತು. ಹಲಗೆಯನ್ನು ಮನೆಯ ಪಡಸಾಲೆಗೆ ತಂದು ಹಾಕಿಕೊಂಡರು, ಮೂವತ್ತು ಸಲಕರಣೆ, ಒಂದು ಖಾಲಿ ಆಕಾರ. ಪಾನಾವನ್ನು ಗ್ಯಾರೇಜಿನ ಮೂಲೆಯಲ್ಲಿ ಎಲ್ಲಾದರೂ ಬೀಳಿಸಿ ಬರೋಣವೆಂದು ಎಷ್ಟೋ ಸಲ ಯೋಚಿಸಿದೆ. ಆ ಜಾಗವನ್ನು ಅವರು ಅಂಗುಲ ಅಂಗುಲ ಗುಡಿಸಿ ಹುಡುಕಿದ್ದರು. ಅಲ್ಲಿ ಅದು ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಹೆದರಿದೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು, ಕೊನೆಗೆ ರಸ್ತೆಯಲ್ಲಿ ಅವರು ಎದುರಾದರೆ ಫೋನ್ ತೆಗೆದು ಕಿವಿಗಿಟ್ಟುಕೊಳ್ಳುವ ಮಟ್ಟಕ್ಕೆ ಬಂದೆ. ಒಂದು ದಿನ ಮಧ್ಯಾಹ್ನ ಊರಿನ ಮೇಲೆ ದೊಡ್ಡದೊಂದು ಹೆಲಿಕಾಪ್ಟರ್ ಹೋಯಿತು. ಚುನಾವಣೆಗೆ ಬರುವ ಸಣ್ಣವಲ್ಲ. ಅವರು ಬಾಗಿಲಿಗೆ ಬಂದು ತಲೆಯೆತ್ತಿ, “ನಮ್ಮದು” ಎಂದರು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದರು. ಮೊದಲಾಗಿದ್ದರೆ ಅದು ಕಾಣದಾಗುವವರೆಗೂ ನಿಂತು ನೋಡುತ್ತಿದ್ದರು.

ಕಳೆದ ಶ್ರಾವಣದಲ್ಲಿ ಅವರ ಎದೆ ನಿಂತಿತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕಾರು ಹೇಳಿ ಕಳಿಸಿದರು. ಹೋದೆ. ಹಲಗೆಯನ್ನು ಗೋಡೆಯಿಂದ ಇಳಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಅದನ್ನು ನನ್ನ ಶಾಲೆಗೆ ಕೊಡಬೇಕೆಂದು ಇಮಾನದಾವ್ರೇ ಬದುಕಿದ್ದಾಗ ಹೇಳಿದ್ದರಂತೆ. ಮಕ್ಕಳಿಗೆ ಎಣಿಸುವುದನ್ನು ಕಲಿಸಲಿ, ಆ ಸರಿಗೆ ಇದರ ಬೆಲೆ ಗೊತ್ತು ಎಂದಿದ್ದರಂತೆ. ಜೊತೆಗೆ ನೋಟ್‌ಬುಕ್ಕು. ಸುಮ್ಮನಿರಲಾಗದೆ ಅದನ್ನು ಬಿಡಿಸಿದೆ. ಪುಟದ ತುಂಬ ಊರು, ಗಾಡಿ, ಕೆಲಸ, ಮೂವತ್ತೊಂದು, ಸಹಿ. ಕೊನೆಯ ಗಾಡಿ ಇಟ್ಟಿಗಿಯದು. ಅದಕ್ಕೆ ಸಹಿ ಇರಲಿಲ್ಲ. ಅದರ ಕೆಳಗೆ ಬೇರೆ ಬೇರೆ ಪೆನ್ನುಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರೆದಿತ್ತು: ಇಟ್ಟಿಗಿಗೆ ಹೋಗಿದ್ದೆ. ಕೇಳಿದೆ. ಸದ್ದು ಇಲ್ಲ. ಪುಟ ತುಂಬಿ ಮುಂದಿನ ಪುಟಕ್ಕೂ ಹರಿದಿತ್ತು.

ನಾನು ಕೇಳುವ ಮೊದಲೇ ಅಕ್ಕಾರು ಹೇಳಿದರು. “ತಿಂಗಳಿಗೆ ಒಂದ್ಸಲ ಹೋಗ್ತಿದ್ರು. ಹೊಲದ ದಾರ್ಯಾಗ ನಿಂತು ಆ ಗಾಡಿ ಬರೂದು ಕಾಯ್ತಿದ್ರಂತ. ಅದ್ರಾಗ ಹೆಣ್ಮಕ್ಕಳು ಕುಂದ್ರತಾರ, ಗೇರ್ ಹಿಡಕೊಂಡ್ರ ಮಗುಚತೈತಿ ಅನ್ನವರು. ಸಾಯೂ ಹಿಂದಿನ ವಾರಾನೂ ಹೋಗಿದ್ರು.”

ಪಾನಾ ಹೋಯಿತೆಂದು ಅವರು ಕೊರಗುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಎರಡು ವರ್ಷ ಅವರು ಕಾದಿದ್ದು ಪಾನಾವನ್ನಲ್ಲ, ಟ್ರೇಲರಿನ ಹೆಣ್ಣುಮಕ್ಕಳನ್ನು. ಎದ್ದು ಮನೆಗೆ ಹೋದೆ. ಕಪಾಟಿನಿಂದ ಅದನ್ನು ತಂದು ಅಕ್ಕಾರ ಮುಂದೆ ಚಾಪೆಯ ಮೇಲಿಟ್ಟೆ. ಶನಿವಾರದಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಹರಪನಹಳ್ಳಿಯ ಸುಳ್ಳನ್ನೂ, ಕಟ್ಟೆಯ ಮೇಲಿನ ಸಮಾಧಾನವನ್ನೂ ಬಿಡಲಿಲ್ಲ. ನಾನು ಮುಗಿಸಿದ ಮೇಲೆ ಅಕ್ಕಾರು ಪಾನಾವನ್ನು ಎತ್ತಿ, ಸೆರಗಿನಿಂದ ಒರೆಸಿದರು. ಹಲಗೆಯ ಮೇಲಿನ ಖಾಲಿ ಜಾಗದಲ್ಲಿ ಇಡುತ್ತಾರೆಂದುಕೊಂಡೆ. ಇಡಲಿಲ್ಲ.

“ನನಗ ಯಾಕ ಹೇಳ್ತೀರಿ ಸರ? ಕೇಳಬೇಕಾದಾವ್ರು ಹ್ವಾದ್ರು.”

ಎದ್ದು ಒಳಗೆ ಹೋದರು. ನನ್ನ ಮುಖ ನೋಡಲಾಗದೆ ಹೋದರೆಂದು ತಿಳಿದು ನಾನೂ ಎದ್ದೆ. ಚಪ್ಪಲಿ ಮೆಟ್ಟುವಾಗ ಒಳಗೆ ಒಲೆ ಹಚ್ಚಿದ ಸದ್ದಾಯಿತು. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಹೊಸ್ತಿಲ ಮೇಲೆಯೇ ನಿಂತೆ. ಅಕ್ಕಾರು ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಪಾನಾ ಹಿಡಿದು ಹೊರಗೆ ಬಂದರು. ಅವರ ಕಣ್ಣುಗಳು ಕೆಂಪಾಗಿದ್ದವು. ಎರಡನ್ನೂ ನನ್ನ ಕೈಗೆ ಕೊಟ್ಟರು.

“ಹೇಳಿದಾವ್ರಿಗೆ ಚಾ ಕೊಡಬೇಕು ಅನ್ನೂದು ಅವರ ಕಾಯ್ದೆ” ಎಂದರು. “ಕುಡೀರಿ. ಆ ಗಾಡಿಯವ್ರಿಗೂ ಹೇಳೂದೈತಿ, ಇಟ್ಟಿಗಿ ಬಸ್ಸು ನಾಕಕ್ಕ ಐತಿ.”